ಪ್ಯಾಟ್ಯಾಕಿ ಕಲ್ಲು

ಹೇಳಿದವಳು ನಾನು, ಗಂಗಕ್ಕ. ಹೊಳೆಯೊಳಗಿನ ದಾರಿಯನ್ನು ಹೊರಗಿನವರಿಗೆ ತೋರಿಸಿಕೊಟ್ಟವಳು ನೀನಲ್ಲ, ನಿನ್ನ ತವರಿನವರೂ ಅಲ್ಲ — ನಾನು. ಇಪ್ಪತ್ತು ವರ್ಷಗಳಿಂದ ಅತ್ತೆ ನಿನ್ನ ಕೈಯ ನೀರು ಕುಡಿದಿಲ್ಲ. ಅವರು ಕುಡಿಯಬಾರದಾಗಿದ್ದದ್ದು ನನ್ನ ಕೈಯ ನೀರನ್ನು.

ನಿನಗೆ ಓದಲು ಬರುವುದಿಲ್ಲವೆಂದು ನನಗೆ ಗೊತ್ತು. ಓದು ಬಾರದವಳಿಗೆ ಕಾಗದ ಬರೆಯುವುದು ಎಂಥ ಜಾಣತನ ಎಂದು ನೀನು ನಗಬಹುದು — ನಗು. ಬಾಯಿಂದ ಹೇಳಲು ಹೊರಟಾಗಲೆಲ್ಲ ನನ್ನ ಮಾತು ಅರ್ಧದಾರಿಯಿಂದ ಮನೆಗೆ ಮರಳಿದೆ. ಅದಕ್ಕೇ ಈ ಸಲ ಮೊದಲು ಬರೆದಿಡುತ್ತೇನೆ, ಆಮೇಲೆ ನಾನೇ ನಿನಗೆ ಓದಿ ಹೇಳುತ್ತೇನೆ. ನಡುವೆ ಬೇರೆಯವರ ಕಿವಿಗೆ ಬಿದ್ದರೂ ಬೀಳಲಿ. ಅವರಿಗೂ ತಿಳಿಯುವಂತೆ ಬುಡದಿಂದ ಬರೆಯುತ್ತೇನೆ.

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಸಾಕು. ಕೃಷ್ಣಾ ಹೊಳೆ ಬಡಗಣ ದಿಕ್ಕಿಗೆ ಒಮ್ಮೆ ಹೊರಳಿ ಮತ್ತೆ ಮೂಡಣಕ್ಕೆ ತಿರುಗುವ ಕಡೆ, ಆ ಹೊರಳಿನ ಹೊಟ್ಟೆಯಲ್ಲಿ ಕುಳಿತ ಊರು. ನೂರು ಮನೆಗಳಿದ್ದಾವು, ಮಣ್ಣಿನ ಮಾಳಿಗೆಯವೇ ಹೆಚ್ಚು. ಊರ ಹಿಂದೆ ಎರೆಹೊಲ, ಊರ ಮುಂದೆ ಹನುಮಪ್ಪನ ಗುಡಿ, ಗುಡಿಯ ಮೆಟ್ಟಿಲಿಗೆ ಹೊಳೆ. ನೋಡುವವರಿಗೆ ಅಷ್ಟೇ ಕಾಣುತ್ತದೆ. ಬಾಕಿಯದೆಲ್ಲ ನೀರಿನ ಕೆಳಗಿದೆ — ಇತ್ತು.

ನಿಜಾಮರ ರಾಜ್ಯದ ಕೊನೆಯ ದಿನಗಳಲ್ಲಿ ಈ ದಂಡೆ ಹೈದರಾಬಾದಿನದು, ಆಚೆ ದಂಡೆ ಮುಂಬೈ ಸರಕಾರದ್ದು. ರಜಾಕಾರರು ಪಕ್ಕದ ಊರಿಗೆ ಬಂದಿದ್ದಾರೆಂಬ ಸುದ್ದಿ ಹಬ್ಬಿದ ದಿನ ಊರಲ್ಲಿ ಗಂಡಸರು ಇರಲಿಲ್ಲ, ಹರಗೋಲುಗಳೂ ಇರಲಿಲ್ಲ. ಆಚೆ ದಂಡೆಯಿಂದ ಮದುವೆಯಾಗಿ ಬಂದಿದ್ದ ಒಬ್ಬ ಸೊಸೆಗೆ ಮಾತ್ರ ಗೊತ್ತಿತ್ತು — ಹೊಳೆಯೊಳಗೆ ಬಂಡೆಯ ಒಂದು ಸಾಲಿದೆ, ಹಾವಿನ ಹಾಗೆ ಸುತ್ತಿ ಹೋಗುತ್ತದೆ, ಎಲ್ಲಿ ಹೊರಳಬೇಕೆಂದು ತಿಳಿದಿದ್ದರೆ ಮೊಳಕಾಲುದ್ದ ನೀರಿನಲ್ಲಿ ದಾಟಬಹುದು. ನಸುಕಿನಲ್ಲಿ ಅವಳು ಮುಂದೆ, ಊರಿನ ಹೆಂಗಸರು ಮಕ್ಕಳು ಹಿಂದೆ. ಕೂಸುಗಳು ಅಳಬಾರದೆಂದು ಬಾಯಿಗೆ ಬೆಲ್ಲ ಇಟ್ಟಿದ್ದರಂತೆ. ದೊಡ್ಡವರು ಮಾತಾಡಬಾರದೆಂದು ತಾವೇ ಬಾಯಿತುಂಬ ಹೊಳೆಯ ನೀರು ಹಿಡಿದುಕೊಂಡಿದ್ದರಂತೆ. ಆಚೆ ದಂಡೆ ಮುಟ್ಟಿದ ಮೇಲೆ ನುಂಗಿದರು.

ಅಂದಿನಿಂದ ಆ ದಾರಿಗೆ ಸೊಸಿದಾರಿ ಎಂದೇ ಹೆಸರು. ಊರಿಗೆ ಬಂದ ಪ್ರತಿ ಸೊಸೆಯನ್ನೂ ಮೊದಲ ಬೇಸಿಗೆಯಲ್ಲಿ ಅತ್ತೆ ಕೈಹಿಡಿದು ಒಮ್ಮೆ ದಾಟಿಸುತ್ತಾಳೆ. ಸೊಸೆಯ ಬಾಯಲ್ಲಿ ನೀರು. ಅತ್ತೆ ಒಂದೊಂದೇ ಕಲ್ಲಿನ ಹೆಸರು ಕರೆಯುತ್ತಾಳೆ, ಒಟ್ಟು ಹನ್ನೊಂದು. ಊರಿನ ಹೆಣ್ಣುಮಕ್ಕಳಿಗೆ ಇದನ್ನು ತೋರಿಸುವುದಿಲ್ಲ — ಮಗಳು ಇನ್ನೊಂದು ಊರಿಗೆ ಹೋಗುವವಳು, ಸೊಸೆ ಇಲ್ಲೇ ಮಣ್ಣಾಗುವವಳು. ಗಂಡಸರಿಗೆ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಹರಗೋಲಿನಲ್ಲಿಯೇ ದಾಟುತ್ತಿದ್ದರು. ಹೆಂಗಸರ ದಾರಿಗೆ ಕಾಲಿಡಬಾರದು ಎಂಬ ಮರ್ಯಾದೆ.

ನಾನು ಹುಟ್ಟಿ ಬೆಳೆದದ್ದು ಹೈದರಾಬಾದಿನಲ್ಲಿ. ಅಪ್ಪ ಅಲ್ಲಿನ ಕೇಂದ್ರ ಸರಕಾರದ ಒಂದು ಕಾರ್ಖಾನೆಯಲ್ಲಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ನಾನು ಕಂಡ ನೀರೆಂದರೆ ದಿನ ಬಿಟ್ಟು ದಿನ ಬರುವ ನಳದ ನೀರು. ಮದುವೆಯಾದ ಮೊದಲ ಬೇಸಿಗೆಯಲ್ಲಿ ನನ್ನನ್ನು ಹೊಳೆಗೆ ಇಳಿಸಿದಾಗ ಅತ್ತೆಯ ಕೈ ನನ್ನ ಮುಂಗೈ ಹಿಡಿದಿತ್ತು, ಹಿಂದೆ ಮನೆಯ ಹಿರಿಯ ಸೊಸೆ ನೀನಿದ್ದೆ. ಎರಡನೆಯ ಕಲ್ಲು ದಾಟಿ ಮೂರನೆಯದಕ್ಕೆ ಹೋಗುವ ನಡುವೆ ಹೆಸರಿಲ್ಲದ ಒಂದು ಸಣ್ಣ ಕಲ್ಲಿತ್ತು. ಪಾಚಿ ಕಟ್ಟಿತ್ತು. ನನ್ನ ಕಾಲು ಜಾರಿತು, ಹೆದರಿಕೆಗೆ ಬಾಯಲ್ಲಿದ್ದ ನೀರನ್ನು ಗಟಕ್ಕೆಂದು ಕುಡಿದುಬಿಟ್ಟೆ.

ನಡುವೆ ನೀರು ನುಂಗಿದ ಸೊಸೆಯನ್ನು ದಾಟಿಸಬಾರದು, ಅಲ್ಲಿಂದಲೇ ಮರಳಿಸಬೇಕು — ಅದು ಪದ್ಧತಿ. ಅತ್ತೆ ಮುಂದೆ ನೋಡುತ್ತಿದ್ದರು. ನೀನು ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ನನ್ನ ಬಾಯಿಗೆ ಸುರಿದೆ.

"ಅತ್ತಿ ನೋಡಿಲ್ಲ. ತಗೋ, ಹಿಡ್ಕೋ," ಎಂದು ಕಿವಿಯಲ್ಲಿ ಅಂದೆ. "ಇದಕ್ಕ ಹೆಸರಿರಲಿಲ್ಲ ನೋಡು. ಇವತ್ತಿಂದ ಇದು ಪ್ಯಾಟ್ಯಾಕಿ ಕಲ್ಲು."

ಪ್ಯಾಟ್ಯಾಕಿ — ಪೇಟೆಯವಳು. ನಾನು ಬಾಯಲ್ಲಿ ನೀರಿಟ್ಟುಕೊಂಡು ನಗು ತಡೆದ ಪಾಡು ನಿನಗೆ ನೆನಪಿರಬೇಕು. ಆ ಕಲ್ಲಿನ ಹೆಸರು ಈ ಭೂಮಿಯ ಮೇಲೆ ಗೊತ್ತಿದ್ದದ್ದು ಇಬ್ಬರಿಗೆ. ಅತ್ತೆಗೂ ಗೊತ್ತಿರಲಿಲ್ಲ.

ಅಂದು ಸಂಜೆ ಒಲೆಯ ಮುಂದೆ ನೀನು ನನಗೆ ಹೆಸರುಗಳನ್ನು ಬಾಯಿಪಾಠ ಮಾಡಿಸಿದೆ. ನೀನು ಜೋಳದ ರೊಟ್ಟಿ ಬಡಿಯುವುದು, ನಾನು ಬೇಯಿಸುವುದು. ಒಂದು ರೊಟ್ಟಿಗೆ ಒಂದು ಹೆಸರು. ತಪ್ಪಿದರೆ ಆ ರೊಟ್ಟಿ ನನಗೆ ಇಲ್ಲ ಎಂದೆ ನೀನು. ನಾನು ಹನ್ನೊಂದೂ ಒಪ್ಪಿಸಿದೆ. ನೀನು ಹನ್ನೆರಡನೆಯ ರೊಟ್ಟಿ ಬಡಿದು, "ಇದು ನಿಂದು," ಎಂದು ತಟ್ಟೆಗೆ ಹಾಕಿದೆ. ನನ್ನನ್ನು 'ನಿರ್ಮಲಾ' ಎಂದು ನೀನು ಕರೆದದ್ದು ನನಗೆ ನೆನಪಿಲ್ಲ. ನಾನು ನಿನಗೆ 'ರಿ' ಹಚ್ಚಿ ಮಾತಾಡಿದರೆ, "ನಾ ಏನು ತಹಸೀಲ್ದಾರಳಾ?" ಎನ್ನುತ್ತಿದ್ದೆ. ನೆಗೆಣ್ಣಿಯರು ಎಂದರೆ ಹಾವು ಮುಂಗುಸಿ ಎಂದು ಊರಿನವರ ಲೆಕ್ಕ. ನಮ್ಮಿಬ್ಬರನ್ನು ನೋಡಿ ಅವರಿಗೆ ನಿರಾಸೆಯೇ ಆಗುತ್ತಿತ್ತು. ವರ್ಷಗಳು ಹೋಗಿ ನನಗೆ ಮಕ್ಕಳಾಗಲಿಲ್ಲ ಎಂದಾಗಲೂ ಆ ವಿಷಯವನ್ನು ಯಾರೂ ನನ್ನ ಮುಂದೆ ಎತ್ತದ ಹಾಗೆ ನೋಡಿಕೊಂಡವಳು ನೀನೇ.

ಇನ್ನು ನನ್ನ ಕೆಲಸ.

ನನ್ನವರು ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಗೆ ಸೇರಿದ್ದರು. ನಾವು ತಾರ್ನಾಕದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಬೆಳಕು ಹರಿಯುವ ಮೊದಲೇ ಅವರ ಬಸ್ಸು. ದೀಪ ಹಚ್ಚಿದ ಮೇಲೆ ಮನೆ. ಹಗಲಿಡೀ ನಾನು ಮತ್ತು ಗೋಡೆ. ಆಗ ಹೈದರಾಬಾದಿನಲ್ಲಿ ಯಾರ ಬಾಯಲ್ಲಿ ಕೇಳಿದರೂ ಕಂಪ್ಯೂಟರು. ದಿಲ್‌ಸುಖ್‌ನಗರದ ಕಡೆ ಹೋದರೆ ಗೋಡೆ ಕಾಣದಷ್ಟು ಕೋರ್ಸುಗಳ ಬೋರ್ಡು. ಬಿ.ಎ. ಓದಿದ ನನ್ನನ್ನು ಯಾರು ಕೇಳುತ್ತಾರೆ ಎಂದುಕೊಂಡಿದ್ದೆ. ಆದರೆ ಹತ್ತಿರದ ಒಂದು ಸಣ್ಣ ಕಂಪನಿಗೆ ಕನ್ನಡ ಅಕ್ಷರ ಓದುವವರು ಬೇಕಾಗಿತ್ತು. ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ. ತೆರೆಯ ಮೇಲೆ ಹಳೆಯ ಹಾಳೆಯ ಚಿತ್ರ ಇರುತ್ತದೆ. ಅದರ ಮೇಲೆ ಮೌಸು ಹಿಡಿದು ಊರು, ದಾರಿ, ಹಳ್ಳ, ಗುಡಿ ಎಲ್ಲವನ್ನೂ ಮತ್ತೆ ಗೆರೆ ಎಳೆದು ಹೆಸರು ಬರೆಯಬೇಕು. ಯಾವುದನ್ನು ಎಲ್ಲಿಂದ ತಿಳಿದೆವು ಎಂದು ಪಕ್ಕದ ಅಂಕಣದಲ್ಲಿ ಆಧಾರ ಕೊಡಬೇಕು. ಹಾಳೆಯಲ್ಲಿ ಇಲ್ಲದ್ದನ್ನು ಸೇರಿಸುವ ಹಾಗಿಲ್ಲ. ಸೇರಿಸಿದರೆ ಮೇಲ್ವಿಚಾರಕರ ಒಪ್ಪಿಗೆ ಬೇಕು.

ಅಲ್ಲಿದ್ದವರೆಲ್ಲ ಎಂಜಿನಿಯರಿಂಗ್ ಮುಗಿಸಿ ಬಂದ ಹುಡುಗ ಹುಡುಗಿಯರು. ಅವರು ದಿನಕ್ಕೆ ಎರಡು ಹಾಳೆ ಮುಗಿಸಿದರೆ ನಾನು ಅರ್ಧ. ಊಟದ ಹೊತ್ತಿಗೆ ಅವರು ಗುಂಪಾಗಿ ಕುಳಿತು ಅಮೆರಿಕದ ಮಾತಾಡುತ್ತಿದ್ದರು. ನಾನು ಕಿಟಕಿಯ ಬಳಿ ನನ್ನ ಡಬ್ಬಿ ಬಿಚ್ಚುತ್ತಿದ್ದೆ. ಕೆಟ್ಟವರಲ್ಲ ಯಾರೂ. ನನ್ನನ್ನು ಮರೆತುಬಿಡುತ್ತಿದ್ದರು, ಅಷ್ಟೆ. ದಿನಗಟ್ಟಲೆ ಕನ್ನಡದ ಒಂದು ಮಾತೂ ಕಿವಿಗೆ ಬೀಳದೆ, ನಾನೇ ನಕ್ಷೆಯ ಮೇಲಿನ ಊರುಗಳ ಹೆಸರನ್ನು ಮೆಲ್ಲಗೆ ಓದಿಕೊಳ್ಳುತ್ತಿದ್ದೆ.

ಒಂದು ದಿನ ನಮ್ಮ ಊರು ಬಂತು.

ಆ ಹೊರಳು ಕಂಡ ತಕ್ಷಣ ಗುರುತು ಹತ್ತಿತು, ಗಂಗಕ್ಕ. ಹೆಸರು ಓದುವ ಮೊದಲೇ. ಗುಡಿಗೆ ಒಂದು ಚುಕ್ಕೆ, ಊರಿಗೆ ಏಳೆಂಟು ಸಣ್ಣ ಚೌಕ, ಮುಂದೆ ಹೊಳೆ — ಬರೀ ನೀಲಿ. ಬೆನ್ನ ಹಿಂದೆ ನಿಂತ ನಮ್ಮ ಮೇಲ್ವಿಚಾರಕ ರಮಣಗಾರು ತಮಾಷೆಗೆ ಅಂದರು: "ಏಮಮ್ಮಾ, ಮೀ ನದಿಲೋ ಏಮೀ ಲೇದಾ?" ನಿಮ್ಮ ನದಿಯಲ್ಲಿ ಏನೂ ಇಲ್ಲವಾ ಎಂದು. ಬೇರೆ ಹಾಳೆಗಳಲ್ಲಿ ನಡುಗಡ್ಡೆ, ಮಡು, ಹರಗೋಲಿನ ಘಟ್ಟ ಇರುತ್ತಿದ್ದವು, ನಮ್ಮದು ಬೋಳು.

ಇಲ್ಲವೆನ್ನಬಹುದಿತ್ತು. ನಕ್ಕು ಸುಮ್ಮನಾಗಬಹುದಿತ್ತು. ನಾನು, "ಇದೆ," ಎಂದೆ.

ಆಮೇಲೆ ಹೇಳುತ್ತ ಹೋದೆ. ರಜಾಕಾರರ ಕಾಲ, ಬೆಲ್ಲ, ಬಾಯಲ್ಲಿ ನೀರು, ಹನ್ನೊಂದು ಕಲ್ಲು. ನನ್ನ ಹರಕು ತೆಲುಗಿನಲ್ಲಿ ಹೇಳುತ್ತಿದ್ದಂತೆ ಪಕ್ಕದ ಹುಡುಗಿ ಕುರ್ಚಿ ತಿರುಗಿಸಿದಳು, ಅವಳ ಹಿಂದೆ ಇನ್ನಿಬ್ಬರು ಎದ್ದು ಬಂದರು. ಒಂದು ಊಟದ ಹೊತ್ತು — ಪೂರ್ತಿ ಒಂದು ಊಟದ ಹೊತ್ತು — ನನ್ನ ಕುರ್ಚಿಯ ಸುತ್ತ ಜನ ನಿಂತಿದ್ದರು. ನನಗೆ ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಅಷ್ಟಕ್ಕೇ ಕೊಟ್ಟುಬಿಟ್ಟೆ. ಅವರು ನೋಡುತ್ತಿರುವಾಗಲೇ ಒಂದೊಂದು ಕಲ್ಲನ್ನೂ ಹೊಳೆಯೊಳಗೆ ಇಟ್ಟೆ, ಒಂದೊಂದಕ್ಕೂ ಹೆಸರು ಬರೆದೆ, ಹೊರಳುಗಳನ್ನು ಸರಿಯಾಗಿ ಎಳೆದೆ. ನಿನ್ನ ರೊಟ್ಟಿಯ ಪಾಠ ಅಷ್ಟು ಗಟ್ಟಿಯಾಗಿತ್ತು. ಎರಡನೆಯ ಮತ್ತು ಮೂರನೆಯ ಕಲ್ಲಿನ ನಡುವೆ — ಪ್ರೀತಿಗೋ, ಜಂಬಕ್ಕೋ — ಪ್ಯಾಟ್ಯಾಕಿ ಕಲ್ಲು ಎಂದೂ ಬರೆದೆ.

ಆವೇಶದಲ್ಲಿ ಆಗಿಹೋಯಿತು ಎಂದು ಹೇಳಲು ನನಗೆ ದಾರಿಯಿಲ್ಲ. ಮರುದಿನ ಕಡತ ಕಳಿಸುವ ಮೊದಲು ರಮಣಗಾರು ಕರೆದು ಕೇಳಿದರು — ಇದು ಹಾಳೆಯಲ್ಲಿಲ್ಲ, ಇಡಲೋ ತೆಗೆಯಲೋ? ಒಂದು ರಾತ್ರಿ ಪೂರ್ತಿ ಯೋಚನೆಗೆ ಸಿಕ್ಕಿತ್ತು ನನಗೆ. ಅತ್ತೆಯ ಮುಖ ಕಣ್ಣಮುಂದೆ ಬಂದೂ ಇತ್ತು. "ಇಡಿ ಸಾರ್," ಎಂದೆ. ಆಧಾರದ ಅಂಕಣದಲ್ಲಿ 'ಊರಿನ ಸೊಸೆ' ಎಂದು ಬರೆಯಲು ನಾಚಿಕೆಯಾಯಿತು. 'ಸ್ಥಳೀಯ ಮಾಹಿತಿ' ಎಂದು ಬರೆದೆ. ನಕ್ಷೆ ಎಲ್ಲಿಗೋ ಹೋಗುತ್ತದೆ, ಯಾವುದೋ ಕಪಾಟಿನಲ್ಲಿ ಬೀಳುತ್ತದೆ, ಯಾರು ನೋಡುತ್ತಾರೆ ಎಂದುಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಪ್ಪ ದಿನಕ್ಕೆರಡು ಸಲ ಹೇಳುತ್ತಿದ್ದರು. ಅದನ್ನು ನಾನು ಗಾದೆ ಎಂದಷ್ಟೇ ತಿಳಿದಿದ್ದೆ.

ಎರಡು ಬೇಸಿಗೆ ಏನೂ ಆಗಲಿಲ್ಲ. ಮೂರನೆಯ ಬೇಸಿಗೆಯಲ್ಲಿ ಮರಳಿನ ಗುತ್ತಿಗೆಯವನ ಕಡೆಯ ಮನುಷ್ಯ ಒಂದು ನಕ್ಷೆ ಹಿಡಿದು ಹೊಳೆಯ ದಂಡೆಗೆ ಬಂದ. ಹೊಳೆಯ ನಡುವಿನ ಮರಳದಿಬ್ಬಕ್ಕೆ ಗಾಡಿ ಇಳಿಸಲು ಗಟ್ಟಿ ನೆಲ ಬೇಕಾಗಿತ್ತು ಅವನಿಗೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರ ಮುಂದೆ ನಿಂತು, ಸೊಸೆಯರ ಬಾಯಲ್ಲಲ್ಲದೆ ಬೇರೆಲ್ಲೂ ಇಲ್ಲದ ಹೆಸರುಗಳನ್ನು ಪಟ್ಟಿ ಓದಿದ ಹಾಗೆ ಗಟ್ಟಿಯಾಗಿ ಓದಿದನಂತೆ. ಆ ಹೆಂಗಸರಲ್ಲಿ ನೀನೂ ಇದ್ದೆ. ವಾರದೊಳಗೆ ಆಚೆ ದಂಡೆಯಿಂದ ಟ್ರ್ಯಾಕ್ಟರುಗಳು ಇಳಿದವು. ಮೊದಲನೆಯದನ್ನು ನಡೆಸಿಕೊಂಡು ಬಂದವನು — ನಿನ್ನ ತಮ್ಮ. ಅವನು ಬಾಡಿಗೆಗೆ ಬಂದವನು, ಯಾರು ಕರೆದರೂ ಹೋಗುವವನು. ಆದರೆ ನಿನ್ನ ಮೇಲೆ ಅನುಮಾನ ಪಡಲು ಊರಿಗೆ ಅಷ್ಟು ಸಾಕಾಯಿತು.

ಆ ಯುಗಾದಿಗೆ ನಾವು ಊರಿಗೆ ಬಂದೆವು. ಬಸ್ ನಿಲ್ಲುವಲ್ಲಿ ನೀನು ನಿಂತಿದ್ದೆ. ನನ್ನ ಚೀಲ ಎತ್ತಿಕೊಂಡೆ. ಮನೆಯ ತನಕ ನೀನು ನನ್ನ ಪಕ್ಕದಲ್ಲೇ ನಡೆದೆ. ಎರಡು ಮೂರು ಸಲ ನನ್ನ ಮುಖ ನೋಡಿದೆ. ನನಗೆ ಸಂಗತಿ ಗೊತ್ತಾದದ್ದು ಹೊಸ್ತಿಲು ದಾಟಿದ ಮೇಲೆ. ಹೊಳೆಯ ಕಡೆಯಿಂದ ಕಲ್ಲು ಒಡೆಯುವ ಸದ್ದು ಕೇಳುತ್ತಿತ್ತು. ಗಾಡಿಗೆ ಏರುಪೇರಾಗುತ್ತದೆಂದು ಬಂಡೆಗಳನ್ನು ಮಟ್ಟ ಮಾಡುತ್ತಿದ್ದರು.

ಬೇವು ಬೆಲ್ಲ ಆದ ಮೇಲೆ ಅತ್ತೆ ನಮ್ಮಿಬ್ಬರನ್ನೂ ಪಡಸಾಲೆಗೆ ಕರೆದರು. ಗಂಡಸರನ್ನು ಹೊರಗೆ ಕಳಿಸಿದರು. ನಡುವೆ ಹೊಳೆಯ ನೀರು ತುಂಬಿದ ಹಿತ್ತಾಳೆಯ ತಂಬಿಗೆ.

"ಹೇಳಿದಾಕಿ ಯಾವಾಕಿ ಅಂತ ನಾ ಕೇಳಂಗಿಲ್ಲ," ಎಂದರು ಅತ್ತೆ. "ಹೇಳದಿದ್ದಾಕಿ ಈ ನೀರು ಕುಡೀಲಿ."

ನಿನ್ನ ಮುಂದೆ ತಂಬಿಗೆ ಬಂತು. ನೀನು ಅದನ್ನು ಕೈಯಿಂದ ಸರಿಸಿದೆ.

"ಹದಿನೈದು ವರ್ಷ ನಿಮ್ಮನ್ಯಾಗ ದುಡದೀನ್ರಿ. ಇನ್ನೂ ನೀರು ಕುಡಿಸಿ ನೋಡ್ತೀರೇನು? ನಾ ಕುಡಿಯಂಗಿಲ್ಲ."

ಅಷ್ಟು ಹೇಳಿ ನನ್ನ ಕಡೆ ನೋಡಿದೆ. ಸಿಟ್ಟಿನ ನೋಟವಲ್ಲ ಅದು. ಹೊಳೆಯ ನಡುವೆ ಬೊಗಸೆಯಲ್ಲಿ ನೀರೆತ್ತಿದಾಗ ಹೇಗೆ ನೋಡಿದ್ದೆಯೋ ಹಾಗೆ. ನಾನು ಮಾತಾಡಬೇಕಾದ ಹೊತ್ತು ಅದೇ ಆಗಿತ್ತು. ಒಂದು ಉಸಿರಿನಷ್ಟು ಹೊತ್ತು ನೀನು ನನಗೆ ಕೊಟ್ಟಿದ್ದೆ.

ನಾನು ತಂಬಿಗೆ ಎತ್ತಿ ಕುಡಿದೆ. ಕುಡಿದದ್ದು ಸಾಲದೆಂದು ಬಾಯಿ ಒರೆಸಿಕೊಂಡು ಅಂದೆ:

"ನನಗ ಆ ದಾರಿ ನೆನಪೂ ಇಲ್ರಿ ಅತ್ತಿ."

ಅತ್ತೆ ತಲೆಯಾಡಿಸಿದರು. ಪ್ಯಾಟೆಯ ಹುಡುಗಿ, ಒಂದು ಸಲ ದಾಟಿದ್ದು, ಈಜೂ ಬಾರದವಳು — ಹನ್ನೊಂದು ಹೆಸರು ಇವಳಿಗೆಲ್ಲಿ ನೆನಪಿರಬೇಕು? ಹನ್ನೊಂದನ್ನೂ ಒಪ್ಪಿಸಿ ಹನ್ನೆರಡು ರೊಟ್ಟಿ ಗೆದ್ದವಳೆಂದು ಬಲ್ಲವಳು ನೀನೊಬ್ಬಳೇ. ನೀನು ಬಾಯಿ ಬಿಡಲಿಲ್ಲ. ಎದ್ದು ಒಳಗೆ ಹೋಗಿ ಒಲೆಯ ಮುಂದೆ ಕುಳಿತೆ.

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡಳು ಎಂದು ಊರು ನಿನ್ನನ್ನು ಆಡಿಕೊಂಡಿತು. ಹೆಗಲು ಮುಟ್ಟಿಕೊಳ್ಳದಷ್ಟು ಜಾಣೆ ಕಳ್ಳಿ ಪಕ್ಕದಲ್ಲೇ ಇದ್ದಳು. ಅಂದಿನಿಂದ ಅತ್ತೆ ನಿನ್ನ ಕೈಯ ನೀರು ಬಿಟ್ಟರು. ನೀನು ತುಂಬಿದ ಕೊಡ ಅವರಿಗೆ ಬೇಡ, ನೀನು ಬಡಿದ ರೊಟ್ಟಿ ಬೇಡ. ಹನುಮಪ್ಪನ ಗುಡಿಯ ಮೆಟ್ಟಿಲಲ್ಲಿ ನೀನು ಇಳಿದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಏಳುತ್ತಿದ್ದರು. ಒಂದು ವರ್ಷ ನೀನು ತಡೆದೆ. ಆಮೇಲೆ ಭಾವನವರು ನಿನ್ನನ್ನು ಕರೆದುಕೊಂಡು ದುಡಿಯಲು ಊರು ಬಿಟ್ಟರು. ಆ ಮಳೆಗಾಲದಲ್ಲಿ ಹೊಳೆ ತನ್ನ ಓಟ ಬದಲಿಸಿ ಗುಡಿಯ ಮೆಟ್ಟಿಲ ಬುಡವನ್ನು ಕೊರೆಯಿತು. ಹನ್ನೊಂದು ಕಲ್ಲಿನಲ್ಲಿ ಒಂದೂ ಉಳಿದಿಲ್ಲ ಎಂದು ಕೇಳಿದ್ದೇನೆ. ನಮ್ಮ ಮನೆತನದಲ್ಲಿ ಸೊಸಿದಾರಿ ದಾಟಿದ ಕೊನೆಯ ಸೊಸೆ ನಾನು.

ದುಡಿಯಲು ನೀನು ಬಂದದ್ದು ಎಲ್ಲಿಗೆ? ಹೈದರಾಬಾದಿಗೇ. ಆ ಹೊತ್ತಿಗೆ ನಮ್ಮ ಕಂಪನಿ ದೊಡ್ಡದಾಗಿ ಮಾಧಾಪುರದ ಗಾಜಿನ ಕಟ್ಟಡಕ್ಕೆ ಹೋಗಿತ್ತು. ಪಕ್ಕದಲ್ಲಿ ಇನ್ನೊಂದು ಗಾಜಿನ ಕಟ್ಟಡ ಏಳುತ್ತಿತ್ತು. ನಾಲ್ಕನೆಯ ಅಂತಸ್ತಿನ ಕಿಟಕಿಯಿಂದ ಒಂದು ದಿನ ಕೆಳಗೆ ನೋಡಿದರೆ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರ ಸಾಲು. ಅದರಲ್ಲಿ ಒಬ್ಬಳ ನಡಿಗೆ ನನಗೆ ಗೊತ್ತಿದ್ದ ನಡಿಗೆ. ನೀನು ಹಲಗೆಯ ಮೇಲೂ ಹೊಳೆಯೊಳಗೆ ನಡೆದ ಹಾಗೆಯೇ ನಡೆಯುತ್ತಿದ್ದೆ, ಕಾಲಿನಿಂದ ಮೊದಲು ಮುಟ್ಟಿ ನೋಡಿ, ಆಮೇಲೆ ಭಾರ ಬಿಟ್ಟು. ನಾನು ಹದಿನಾಲ್ಕು ದಿನ ಕಿಟಕಿಯಿಂದ ನೋಡಿದೆ. ಹದಿನೈದನೆಯ ದಿನ ಇಳಿದು ಬಂದೆ.

ರಸ್ತೆ ಬದಿಯ ಬಂಡಿಯಲ್ಲಿ ಚಹಾ ಕುಡಿದೆವು. ನೀನು ನನ್ನ ಕೊರಳಿನ ಗುರುತಿನ ಕಾರ್ಡನ್ನು ತಿರುಗಿಸಿ ಫೋಟೋ ನೋಡಿದೆ. "ಭಾಳ ಸೊರಗೀದಿ," ಎಂದೆ. ಸಿಮೆಂಟಿನ ಬಿಳುಪು ಹತ್ತಿದ ಮುಖದವಳು ನನಗೆ ಹೇಳಿದ ಮಾತು ಅದು. ಆಮೇಲೆ, ಯಾವುದೋ ಹಳೆಯ ಸುದ್ದಿ ಹೇಳುವವಳ ಹಾಗೆ ನೀನು ಅಂದೆ:

"ಆ ಮನಷ್ಯಾ ಹೊಳಿ ದಂಡಿಗೆ ನಿಂತು ಓದಾಕತ್ತಿದ್ನಲ್ಲ, ಎರಡನೇದಾದ ಮ್ಯಾಲ ಪ್ಯಾಟ್ಯಾಕಿ ಕಲ್ಲು ಅಂದ. ಎಲ್ಲಾರೂ ನಕ್ಕರು, ಅಂಥಾ ಕಲ್ಲ ಇಲ್ಲ, ತಪ್ಪ ಓದ್ಯಾನ ಅಂದರು. ನನ್ನ ಕೈಯಾಗಿನ ಸೀರಿ ನೀರಾಗ ಹೋತು."

ನಾನು ಚಹಾದ ಗ್ಲಾಸನ್ನು ಬಂಡಿಯ ಮೇಲಿಟ್ಟೆ. ನಾನು ಕೇಳಿದೆ, "ಮತ್ತ್ಯಾಕ ಹೇಳಲಿಲ್ಲ ಅಕ್ಕಾ?"

"ನೀ ಹೇಳ್ತಿ ಅಂತ ಕಾದೆ," ಎಂದೆ ನೀನು. ಗ್ಲಾಸು ಕೆಳಗಿಟ್ಟು ಸೆರಗು ಸಿಂಬಿ ಸುತ್ತಿಕೊಂಡೆ. "ಈಗೂ ಕಾಯಾಕತ್ತೀನಿ."

ನಾನು ಏನು ಮಾಡಿದೆ? ಗಡಿಯಾರ ನೋಡಿದೆ. ಹೊತ್ತಾಯಿತು ಅಕ್ಕಾ, ಮತ್ತೆ ಸಿಗುತ್ತೇನೆ ಎಂದೆ. ಮತ್ತೆ ಸಿಕ್ಕೆ ಕೂಡ — ಹಬ್ಬಕ್ಕೆ ಸೀರೆ ತಂದೆ, ಭಾವನವರಿಗೆ ಗಚ್ಚಿಬೌಲಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲಿನ ಕೆಲಸ ಕೊಡಿಸಿದೆ, ನಿಮ್ಮ ಕೋಣೆಗೆ ಫ್ಯಾನು ಹಾಕಿಸಿದೆ. ನೀನು ಎಲ್ಲವನ್ನೂ ತೆಗೆದುಕೊಂಡೆ, ಒಮ್ಮೆಯೂ ಹಂಗಿಸಲಿಲ್ಲ. ಆ ಒಂದು ಮಾತಿನ ಬದಲು ಬೇರೆಲ್ಲವನ್ನೂ ಕೊಡಲು ನಾನು ತಯಾರಿದ್ದೆ. ಹೇಳಬೇಕಾದ ಜಾಗಕ್ಕೆ, ಅತ್ತೆಯ ಮುಂದಕ್ಕೆ, ನಾನು ಪ್ರತಿ ವರ್ಷ ಹೋಗುತ್ತಿದ್ದೆ. ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ, ನೀರು ಕೊಡುತ್ತಿದ್ದೆ. ಅವರು ನನ್ನ ಕೈ ಹಿಡಿದು, "ನೀನೊಬ್ಬಾಕೀನ ನನಗ ಉಳದಾಕಿ," ಎನ್ನುತ್ತಿದ್ದರು. ಆ ಮಾತನ್ನು ಕಳೆದುಕೊಳ್ಳುವುದು ನನ್ನಿಂದ ಆಗಲಿಲ್ಲ. ಹೈದರಾಬಾದಿನಲ್ಲಿ ನನ್ನದೆಂಬುದು ಏನಿತ್ತು? ಆ ಪಡಸಾಲೆಯೊಂದೇ ನನ್ನನ್ನು ಸೇರಿಸಿಕೊಂಡ ಜಾಗ — ಮತ್ತು ಅದು ನಿನ್ನ ಜಾಗ.

ನನ್ನವರಿಗೂ ಹೇಳಲಿಲ್ಲ. ಅವರು ಹೋಗಿ ಮೂರು ವರ್ಷವಾಯಿತು. ಕೊನೆಯ ವಾರದಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲಿಂದ, "ಗಂಗವೈನಿ ಹಂಗ ಮಾಡಬಾರದಾಗಿತ್ತು," ಎಂದು ಯಾವುದೋ ನೆನಪಿನಲ್ಲಿ ಅಂದರು. ನಾನು ಅವರ ಹೊದಿಕೆ ಸರಿಮಾಡಿದೆ. ತಪ್ಪು ತಿಳಿದುಕೊಂಡೇ ಅವರು ಕಣ್ಣು ಮುಚ್ಚಿದರು. ಈಗ ಈ ಎರಡು ಕೋಣೆಯಲ್ಲಿ ನಾನು ಒಬ್ಬಳೇ. ಮಾತಾಡಿದರೆ ಕೇಳಿಸಿಕೊಳ್ಳುವವರು ಇಲ್ಲ, ಸುಮ್ಮನಿದ್ದರೆ ಏಕೆಂದು ಕೇಳುವವರೂ ಇಲ್ಲ.

ನಿನ್ನೆ ಮಧ್ಯಾಹ್ನ ಊರಿನಿಂದ ನಾದಿನಿಯ ಫೋನು. ಅತ್ತೆ ಅನ್ನ ಬಿಟ್ಟು ನಾಲ್ಕು ದಿನವಾಯಿತಂತೆ. ನೀರನ್ನು ಚಮಚದಲ್ಲಿ ಕೊಟ್ಟರೆ ಒಂದೆರಡು ಗುಟುಕು. ಮಾತು ಇನ್ನೂ ಸ್ಪಷ್ಟವಿದೆ.

"ವೈನಿ, ಅವ್ವ ನಿಮ್ಮ ಹೆಸರ ಹಿಡದಾಳ್ರಿ," ಎಂದಳು. "ನಿರ್ಮಲಾ ಬಂದು ಬಾಯಿಗೆ ನೀರು ಬಿಡ್ಲಿ ಅಂತಾಳ. ನೀರು ಹೊಳೀದ ಆಗಬೇಕಂತ, ನಿಮ್ಮ ಕೈಯಾಗಿಂದನ ಆಗಬೇಕಂತ."

ಕೊನೆಯ ನೀರು ಹಿರಿಯ ಸೊಸೆಯದು. ಆ ಮನೆಯಲ್ಲಿ ಅದು ನಿನ್ನದು. ನಾನು ನಿನ್ನ ಹೆಸರು ತೆಗೆದುಕೊಂಡೆ, ನಿನ್ನ ಒಲೆ ತೆಗೆದುಕೊಂಡೆ. ಇನ್ನು ಉಳಿದದ್ದು ಈ ಒಂದು ಗುಟುಕು. ಸುಮ್ಮನೆ ಹೋಗಿ ಬಿಟ್ಟು ಬರಬಹುದು. ಯಾರಿಗೂ ತಿಳಿಯುವುದಿಲ್ಲ, ನೀನು ಹೇಳುವವಳಲ್ಲ, ಅತ್ತೆ ಸಮಾಧಾನದಿಂದ ಹೋಗುತ್ತಾರೆ. ಸಾಯುವವರ ಮುಂದೆ ಇಂಥದನ್ನೆಲ್ಲ ಏಕೆ ತೆಗೆಯಬೇಕು ಎಂದು ನಿನ್ನೆ ಸಂಜೆಯ ತನಕ ನನಗೆ ನಾನೇ ಹೇಳಿಕೊಂಡೆ. ಬಹಳ ಒಳ್ಳೆಯ ಮಾತಿನ ಹಾಗೆಯೇ ಕೇಳಿಸಿತು. ನನ್ನ ಸುಳ್ಳುಗಳೆಲ್ಲ ಮೊದಲಿನಿಂದಲೂ ಹಾಗೆಯೇ ಕೇಳಿಸಿವೆ.

ಅತ್ತೆ ನನ್ನನ್ನು ಕ್ಷಮಿಸುವುದಿಲ್ಲ. ಆ ಪದ್ಧತಿಯನ್ನು ಐವತ್ತು ವರ್ಷ ಬಾಯಲ್ಲಿಟ್ಟುಕೊಂಡವರು ಅವರು. ಮುಖ ತಿರುಗಿಸಿದರೆ ತಿರುಗಿಸಲಿ. ಇಪ್ಪತ್ತು ವರ್ಷ ನಿನಗೆ ತಿರುಗಿಸಿದ್ದರಲ್ಲ. ನೀನು ಕ್ಷಮಿಸಬೇಕೆಂದೂ ಇದನ್ನು ಬರೆಯುತ್ತಿಲ್ಲ. ಕಲ್ಲುಗಳಂತೂ ಮರಳಿ ಬರುವುದಿಲ್ಲ.

ನಾಳೆ ಬೆಳಿಗ್ಗೆ ಆರೂವರೆಗೆ ರಾಯಚೂರಿನ ಬಸ್ಸು. ಎರಡು ಸೀಟು ಹಿಡಿದಿದ್ದೇನೆ. ಈಗ ಗಚ್ಚಿಬೌಲಿಗೆ ಬಂದು ಇದನ್ನು ನಿನಗೆ ಓದಿ ಹೇಳುತ್ತೇನೆ, ಭಾವನವರೂ ಕೇಳಲಿ. ಕೇಳಿದ ಮೇಲೆ ನೀನು ನನ್ನ ಜೊತೆ ಬರದೆ ಇರಬಹುದು. ಬರದಿದ್ದರೆ ನಾನೊಬ್ಬಳೇ ಹೋಗಿ, ಊರಿನ ಸೊಸೆಯರನ್ನು ಪಡಸಾಲೆಗೆ ಕರೆದು, ನಾನು ಸುಳ್ಳು ಹೇಳಿದ ಅದೇ ಜಾಗದಲ್ಲಿ ನಿಂತು ಹನ್ನೆರಡನೆಯ ಕಲ್ಲಿನ ಹೆಸರು ಹೇಳುತ್ತೇನೆ. ಅದು ಯಾರ ಕಲ್ಲೆಂದು ಅತ್ತೆ ಕೇಳುತ್ತಾರೆ. ನನ್ನದು, ನಕ್ಷೆಗೆ ಬರೆದವಳೂ ನಾನೇ ಎನ್ನುತ್ತೇನೆ.

ಬಂದರೆ — ಅದನ್ನು ಹೇಳುವವಳು ನಾನು, ಹೊಳೆಗೆ ಇಳಿದು ತಂಬಿಗೆ ತುಂಬುವವಳು ನೀನು. ನಾನು ದಂಡೆಯ ಮೇಲೆ ನಿಂತಿರುತ್ತೇನೆ.